ಪುಟ ನೂರಾ ಹನ್ನೆರಡರ ಗುಮಾಸ್ತ

೮ ಫೆಬ್ರವರಿ ೧೯೮೮, ಸೋಮವಾರ

ಆಫೀಸಿನಿಂದ ಸೀದಾ ಕೋಠಿಯ ಟೈಪಿಂಗ್ ಅಂಗಡಿಗೆ. ಟೈಪಿಸ್ಟ್ ಮೂರನೆಯ ಅಧ್ಯಾಯ ಕೊಟ್ಟ. ಒತ್ತಕ್ಷರಗಳು ಮತ್ತೆ ಅಲ್ಲಲ್ಲಿ ಹಾರಿವೆ. ಬಸ್ಸಿನಲ್ಲಿ ಸೀಟಿಲ್ಲ. ಕಟ್ಟನ್ನು ಎದೆಗೆ ಒತ್ತಿ ಹಿಡಿದು ಮೆಹದಿಪಟ್ಟಣದವರೆಗೆ ನಿಂತೇ ಬಂದೆ.

ಹೆಂಡತಿ ಪಿಎಚ್.ಡಿ. ಮಾಡುತ್ತಿದ್ದಾಳೆ ಎಂದರೆ ಜನ ವಿಷಯ ಕೇಳುತ್ತಾರೆ. 'ನಗು' ಎಂದರೆ ಅವರೇ ನಗುತ್ತಾರೆ. ಮನುಷ್ಯ ಯಾಕೆ ನಗುತ್ತಾನೆ — ಸಾಹಿತ್ಯ, ಮನಃಶಾಸ್ತ್ರ, ಸಮಾಜಶಾಸ್ತ್ರ ಮೂರನ್ನೂ ಸೇರಿಸಿ ಬರೆದಿದ್ದಾಳೆ ಶಿವದೇವಿ. ನಲವತ್ತೊಂಬತ್ತನೆಯ ವಯಸ್ಸಿನಲ್ಲಿ. ತಪ್ಪು ತಿದ್ದುವ ಕೆಲಸ ನನ್ನದು. ಇಪ್ಪತ್ತೊಂಬತ್ತು ವರ್ಷ ಸರ್ಕಾರಿ ಡ್ರಾಫ್ಟ್ ತಿದ್ದಿದ ಕೈ.

೧೧ ಫೆಬ್ರವರಿ, ಬೆಳಿಗ್ಗೆ ೬

ಮೂರು ಸಿದ್ಧಾಂತಗಳಂತೆ. ಇನ್ನೊಬ್ಬರಿಗಿಂತ ನಾವು ಮೇಲು ಅನ್ನಿಸಿದಾಗ ನಗು. ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು — ಆಗ ನಗು. ಒಳಗೆ ಕಟ್ಟಿಕೊಂಡದ್ದು ಬಿಡುಗಡೆಯಾದಾಗ ನಗು. ಈ ಮೂರೂ ಸಾಲವು ಎನ್ನುತ್ತಾಳೆ. ನಾಲ್ಕನೆಯದು ಅವಳದೇ. ಅಧೀನನ ನಗು. ನಗು ಬಾರದಿದ್ದರೂ ನಗಲೇಬೇಕಾದವನ ನಗು.

ಎಷ್ಟು ಸರಿಯಾಗಿ ಹಿಡಿದಿದ್ದಾಳೆ! ಪುಟ ತಿರುವಿದೆ. ೧೧೨.

'ಹೈದರಾಬಾದಿನ ಒಂದು ಕಚೇರಿಯ ಹಿರಿಯ ಗುಮಾಸ್ತರು. ಗಂಡಿಪೇಟೆಯ ಪಿಕ್ನಿಕ್‌ನಲ್ಲಿ ಅಧಿಕಾರಿ ಒಂದೇ ಜೋಕನ್ನು ಎರಡು ಸಲ ಹೇಳಿದರು. ಗುಮಾಸ್ತರು ಎರಡು ಸಲವೂ ಅಧಿಕಾರಿಯ ಮುಖ ನೋಡಿ ನಕ್ಕರು. ಮನೆಯಲ್ಲಿ ಅವರು ಅಷ್ಟು ನಕ್ಕದ್ದಿಲ್ಲ.'

ಚಹಾ ಅಲ್ಲೇ ತಣ್ಣಗಾಯಿತು.

ಅದೇ ದಿನ, ಸಂಜೆ

ಕೇಳಿಯೇ ಬಿಟ್ಟೆ. 'ಈ ಗುಮಾಸ್ತ ಯಾರ?'

ರೊಟ್ಟಿ ಬಡಿಯುವ ಕೈ ನಿಂತಿತು. 'ನೀವಽ ರಿ. ಹೆಸರು ಹಾಕಿಲ್ಲ.'

'ಹೆಸರು ಬ್ಯಾರೆ ಹಾಕಬೇಕಾಗಿತ್ತೇನು?'

'ಬ್ಯಾಡಂದ್ರ ತೆಗೀತೀನ್ರಿ. ಆದರ ಅದನ್ನ ತೆಗೆದ್ರ ನಾಲ್ಕನೇದು ನಿಲ್ಲೂದಿಲ್ಲ.'

ಕಟ್ಟನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದೆ.

೧೭ ಫೆಬ್ರವರಿ, ಬುಧವಾರ

ಆರು ದಿನ ಮಾತಿಲ್ಲ. ಕಟ್ಟು ಮೇಜಿನ ಮೇಲೆ ಹಾಗೇ ಇದೆ.

ಇಂದು ಸಾಹೇಬರು ಚೇಂಬರಿಗೆ ಕರೆದರು. ನಾನು, ಪಕ್ಕದ ಮೇಜಿನ ಹನುಮಂತರಾವ್, ಇನ್ನಿಬ್ಬರು. ಫೈಲು ಮುಗಿಯಿತು. ಪಿಕ್ನಿಕ್‌ನಲ್ಲಿ ಹೇಳಿದ ಅದೇ ಟ್ಯಾಂಕ್‌ಬಂಡಿನ ಕಾನ್‌ಸ್ಟೇಬಲ್ ಜೋಕು ಶುರುವಾಯಿತು. ಹದಿನೈದನೆಯ ಸಲವಾದರೂ ಇರಬೇಕು. ಈ ಸಲ ನಗಬಾರದು — ಹಲ್ಲು ಕಚ್ಚಿ ನಿಂತೆ. ಪಕ್ಕದಲ್ಲಿ ಹನುಮಂತರಾವ್ ತಯಾರಾಗುತ್ತಿದ್ದರು. ಕತ್ತು ಮುಂದೆ, ಬಾಯಿ ಅರ್ಧ ತೆರೆದಿತ್ತು. ಸಾಹೇಬರು ಪೆನ್ನು ಕೆಳಗಿಟ್ಟರು.

ನಾಲ್ವರೂ ನಕ್ಕೆವು. ನಾನೂ. ನನ್ನನ್ನು ಕೇಳದೆಯೇ ಹೊರಬಿತ್ತು.

ಹೊರಗೆ ಬಂದ ಮೇಲೆ ಹನುಮಂತರಾವ್ ಕೇಳಿದರು: 'ಏನ್ರಿ ಅಮರೇಶಪ್ಪ, ಇವತ್ತು ಭಾಳ ಜೋರ ನಕ್ಕಿರಲ್ಲ?'

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದೆ. 'ತೆಗೀಬ್ಯಾಡ. ಆದರ ಒಂದು ತಪ್ಪೈತಿ. ನಾವು ಮುಖ ನೋಡೂದಿಲ್ಲ. ಮುಖ ನೋಡೂ ಧೈರ್ಯ ಯಾರಿಗೈತಿ? ಕೈ ನೋಡತೀವಿ. ಆಫೀಸಿನ್ಯಾಗ ಪೆನ್ನು ಕೆಳಗಿಟ್ರು, ಪಿಕ್ನಿಕ್‌ನ್ಯಾಗ ಚಹಾದ ಕಪ್ಪು ಕೆಳಗಿಟ್ರು — ಅಂದ್ರ ಜೋಕು ಮುಗೀತಂತ.'

ಶಿವದೇವಿ ಪೆನ್ಸಿಲ್ ಹುಡುಕಿದಳು. 'ನೋವಾತೇನ್ರಿ?'

'ಆತು. ಬರಕೋ.'

ಬರೆದುಕೊಂಡಳು. 'ಇನ್ನೊಮ್ಮೆ ಹೇಳ್ರಿ. ಸಾವಕಾಶ.' ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ನನ್ನ ಮಾತನ್ನು ಯಾರಾದರೂ ಬರೆದುಕೊಂಡದ್ದು ಇದೇ ಮೊದಲು.

೨೧ ಮಾರ್ಚ್

ಥೀಸಿಸ್ ಸಲ್ಲಿಸಿದಳು. ಕಡುನೀಲಿ ರಟ್ಟು, ಚಿನ್ನದ ಬಣ್ಣದ ಅಕ್ಷರ. ಒಂದು ಪ್ರತಿ ಆಫೀಸಿಗೆ ಒಯ್ದು ಎಲ್ಲರಿಗೂ ತೋರಿಸಿದೆ. ೧೧೨ ಬಿಟ್ಟು.

೧೪ ಸೆಪ್ಟೆಂಬರ್, ಬುಧವಾರ

ವೈವಾ. ರಜೆ ಹಾಕಿದೆ. ಕೊನೆಯ ಬೆಂಚು. ಪರೀಕ್ಷಕರು ಧಾರವಾಡದವರು, ಕನ್ನಡಕದ ಮೇಲಿಂದ ನೋಡುತ್ತಾರೆ.

'ಬಿಡುಗಡೆಯ ಸಿದ್ಧಾಂತ ಇರೂ ಮುಂದ ನಿಮ್ಮ ನಾಲ್ಕನೇದು ಯಾಕ ಬೇಕ್ರಿ?'

'ಅದರಾಗ ನಕ್ಕವ ಹಗುರ ಆಗತಾನ್ರಿ ಸರ್. ಇದರಾಗ ನಕ್ಕ ಮ್ಯಾಲೆ ಭಾರ ಆಗತಾನ.'

ಈ ಉತ್ತರ ನನಗೆ ಗೊತ್ತೇ ಇರಲಿಲ್ಲ! ಎದ್ದು ಚಪ್ಪಾಳೆ ತಟ್ಟಬೇಕೆನ್ನಿಸಿತು. ಆದರೆ ಅವರು ಬಿಡಲಿಲ್ಲ.

'ಮುಖ ಅಲ್ಲ, ಕೈ ನೋಡಿ ನಗತಾರ ಅಂದೀರಿ. ಇದು ಯಾವ ಪುಸ್ತಕದಾಗ ಐತಿ?'

'ಪುಸ್ತಕದಾಗ ಇಲ್ರಿ. ಒಬ್ಬರು ಹೇಳಿದ್ದು.'

'ಯಾರು? ಹಂಗ ಯಾರರ ಹೇಳಿದ್ರು ಅಂದ್ರ ಆಧಾರ ಆಗತೈತೇನ್ರಿ?'

ಶಿವದೇವಿ ಸುಮ್ಮನಾದಳು. ಉತ್ತರ ಇತ್ತು, ಕೊಡಲಿಲ್ಲ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಐದು ವರ್ಷದ ಕೆಲಸ... ನನ್ನ ಮಾನಕ್ಕಾಗಿ ಬಾಯಿ ಮುಚ್ಚಿ ನಿಂತಿದ್ದಾಳೆ.

ಎದ್ದು ನಿಂತೆ. 'ನಾನ್ರಿ ಸರ್. ಆ ಗುಮಾಸ್ತ ನಾನಽ. ಇನ್ನೂ ಎರಡು ವರ್ಷ ಸರ್ವಿಸ್ ಐತಿ, ಅಲ್ಲೀತನಕ ನಗಬೇಕ್ರಿ. ಬೇಕಾದ್ದು ಕೇಳ್ರಿ.'

ಪರೀಕ್ಷಕರು ಕನ್ನಡಕ ತೆಗೆದರು. ಮೊದಲು ನಕ್ಕವಳು ಶಿವದೇವಿ. ಆಮೇಲೆ ಅವರು, ಆಮೇಲೆ ಕೊಠಡಿಯೆಲ್ಲ. ನಾನು ನಗಲಿಲ್ಲ.

'ಕೂಡ್ರಿ ಯಜಮಾನ್ರ,' ಎಂದರು. 'ಇದಕ್ಕಿಂತ ಆಧಾರ ಏನು ಬೇಕು?' ಆಮೇಲೆ ಅವಳತ್ತ ತಿರುಗಿ — 'ಕಂಗ್ರಾಚುಲೇಶನ್ಸ್, ಡಾಕ್ಟರ್ ಶಿವದೇವಿ.'

೧೮ ಸೆಪ್ಟೆಂಬರ್, ಭಾನುವಾರ, ಬೆಳಿಗ್ಗೆ

ನಿನ್ನೆ ಬಾಗಿಲಿಗೆ ಹೊಸ ಬೋರ್ಡು ಬರೆಸಿದೆ. 'ಕೌನ್ ಸಾ ನಾಮ್ ಊಪರ್, ಸಾಬ್?' ಎಂದ ಪೇಂಟರ್. ಇದನ್ನೂ ಕೇಳಬೇಕೆ? ಅವಳದು ಮೇಲೆ, ದಪ್ಪ ಅಕ್ಷರ. ನನ್ನದು ಕೆಳಗೆ.

ಈಗಷ್ಟೇ ಮೊಳೆ ಹೊಡೆದೆ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. 'ಇಷ್ಟ ದೊಡ್ಡದು ಯಾಕ್ರಿ? ಮಂದಿ ನಗತಾರ.'

'ನಗಲಿ. ನಿನಗ ಇನ್ನೊಂದು ಥೀಸಿಸ್ ಆಗತೈತಿ.'

ಒಳಗೆ ಹೋದಳು. ನಗುತ್ತಲೇ ಹೋದಳು. ಎದುರುಮನೆಯ ಗಿರಿಜಾಬಾಯಿ ಗೇಟಿನಲ್ಲಿ ನಿಂತು ಜೋರಾಗಿ ಓದುತ್ತಿದ್ದಾರೆ. 'ಡಾಕ್ಟರ್ ಶಿವದೇವಿ... ಅಯ್ಯ, ಖರೇನ್ರೀ?'

ಖರೇ. ಎಲ್ಲ ಮೊದಲಿನಿಂದ ಹೇಳಬೇಕು. ಅವಳು ಹೇಳಿದರೆ ಎರಡೇ ಮಾತಿನಲ್ಲಿ ಮುಗಿಸುತ್ತಾಳೆ. ಅವಳು ಬರುವ ಮೊದಲು ನಾನೇ ಹೋಗಿ —