ಮಂಜುಗಡ್ಡೆಯ ಕೆಳಗಿನ ಮೇವು

ಯಮಾಲ್ ಹಿಮಬಯಲು, ಉತ್ತರದ ದಿಬ್ಬ
ಡಿಸೆಂಬರ್ ೪

ಇಲ್ಕೊ,

ಕ್ಷೇಮವೇ ಎಂದು ಕೇಳುವುದಿಲ್ಲ. ಊರಿನ ಬಿಸಿ ಕೋಣೆಯಲ್ಲಿ ಕೂತು ನಿನ್ನ ತಂಗಿಯ ಕೈಯ ಮೀನುಸಾರು ಉಣ್ಣುವವನಿಗೆ ಏನಾಗುತ್ತದೆ? ಇಲ್ಲಿ ನಾನೂ ನಿನ್ನ ಅವ್ವನೂ ಬದುಕಿದ್ದೇವೆ. ಸಾರಂಗದ ಮಂದೆಯಲ್ಲಿ ಅರ್ಧ ಬದುಕಿದೆ. ಉಳಿದರ್ಧವನ್ನು ಕೊಂದವನು ನೀನು.

ಹಿಮಬಂಡಿಯ ಎಂಜಿನ್ ಬೆಲ್ಟ್ ಸವೆದಿದೆ, ಹೊಸದು ತರುತ್ತೇನೆ, ಎರಡೇ ದಿನ ಎಂದು ನೀನು ಬಂಡಿ ಹತ್ತಿ ಊರಿಗೆ ಹೋದೆ. ಮೂರನೆಯ ದಿನ ಮಳೆ ಬಂತು. ನವೆಂಬರಿನಲ್ಲಿ ಮಳೆ! ಡೇರೆಯ ತೊಗಲಿನ ಮೇಲೆ ಹನಿ ಬೀಳುವ ಸದ್ದಿಗೆ ಅವ್ವ ಎದ್ದು ಕೂತರು. "ನೀರಲ್ಲ ಕಣೆ ಇದು. ನೆಲಕ್ಕೆ ಬೀಗ ಬೀಳ್ತಾ ಇದೆ" ಎಂದರು. ಮಾರನೆಯ ದಿನ ಚಳಿ ಬಿಗಿಯಿತು. ಹಿಮದ ಮೇಲೆ ಎರಡು ಬೆರಳು ದಪ್ಪದ ಮಂಜುಗಡ್ಡೆ ಕಟ್ಟಿತು. ಮೊಣಕಾಲು ಮುಳುಗುವಷ್ಟು ಹಿಮವಿದ್ದರೂ ಸಾರಂಗ ಅಡಿಯ ಬಿಳಿಪಾಚಿಯನ್ನು ಮೂಸಿ, ಗೊರಸಿನಿಂದ ಬಗೆದು ತಿನ್ನುತ್ತದೆ. ಕಲ್ಲಿನಂಥ ಗಡ್ಡೆಯನ್ನು ಹೇಗೆ ಬಗೆಯುತ್ತದೆ? ಗೊರಸು ಒಡೆದು ಎಲ್ಲೆಲ್ಲೂ ರಕ್ತದ ಚುಕ್ಕೆ.

ರೇಡಿಯೊದಲ್ಲಿ ನಿನ್ನನ್ನು ಕರೆದೆ. "ನಾನು ಬರೋ ತನಕ ಡೇರೆ ಕೀಳಬೇಡ" ಎಂದು ನೀನು ಹೇಳಿದೆ. "ಸಾಯ್ತಾವೆ, ಇಲ್ಕೊ" ಎಂದು ಅಂಗಲಾಚಿದೆ. "ಹೇಳಿದಷ್ಟು ಕೇಳು ಹಾದ್ನೆ" ಎಂದು ಗದರಿದೆಯಲ್ಲ, ಅದೇ ಕೊನೆ. ಆಮೇಲೆ ಎಷ್ಟು ಕೂಗಿದರೂ ನಿನ್ನ ಕಡೆಯಿಂದ ಉಸಿರಿಲ್ಲ.

ಎಂಟು ದಿನ ಕಾದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಮೊದಲು ಬೆದೆಗಾಲದಲ್ಲಿ ಕಾದಾಡಿ ಕೊಬ್ಬು ಕರಗಿಸಿಕೊಂಡ ಹೋರಿಗಳು ಮಲಗಿದವು, ಮತ್ತೆ ಏಳಲಿಲ್ಲ. ಆಮೇಲೆ ಕರುಗಳು. ಒಂಬತ್ತನೆಯ ಬೆಳಿಗ್ಗೆ ಅವ್ವ ನನ್ನ ಭುಜ ಹಿಡಿದು ಅಲುಗಿಸಿದರು. "ನಿನ್ ಗಂಡನ ಮಾತು ಮೇಯ್ಕೊಂಡು ಸಾರಂಗ ಬದುಕ್ತಾವೇನೇ? ಎದ್ದೇಳು!" ಹೆತ್ತ ಮಗನ ಬಗ್ಗೆ ಹಾಗೆ ಹೇಳಿ, ಅವರೇ ಮೊದಲು ಹೊರಗೆ ಹೋಗಿ ಡೇರೆಯ ಹಗ್ಗ ಬಿಚ್ಚತೊಡಗಿದರು.

ಇಬ್ಬರೇ ಡೇರೆ ಕಿತ್ತು ಜಾರುಬಂಡಿ ಹೂಡಿದೆವು. ದಾರಿ ತೋರಿಸಿದ್ದು ಕಪ್ಪುಮೂತಿ. ಮುದಿಯಾಯಿತು, ಈ ಸಲ ಕಡಿಯೋಣ ಎಂದಿದ್ದೆಯಲ್ಲ, ಅದೇ ಹೆಣ್ಣು ಸಾರಂಗ. ಗಾಳಿಗೆ ಎದುರಾಗಿ ಮೂರು ದಿನ ನಡೆದಳು. ಈ ದಿಬ್ಬದ ನೆತ್ತಿಯಲ್ಲಿ ಮಳೆಗೆ ಮೊದಲೇ ಗಾಳಿ ಹಿಮವನ್ನು ಗುಡಿಸಿಹಾಕಿತ್ತು. ಗಡ್ಡೆ ಮೊಟ್ಟೆಯ ಸಿಪ್ಪೆಯಷ್ಟು ತೆಳು. ಚಳಿಗೆ ಹೆದರಿ ನೆಲಕ್ಕಂಟಿಕೊಂಡೇ ಬೆಳೆಯುವ ವಿಲೋ ಪೊದೆಯ ಕಡ್ಡಿಗಳ ಮೊಗ್ಗನ್ನು ಬಿಳಿ ಹಿಮಕೋಳಿಗಳು ಕುಕ್ಕುತ್ತಿದ್ದವು. ಕಪ್ಪುಮೂತಿ ಬಗೆದ ಗುಂಡಿಗೆ ಉಳಿದಿದ್ದ ಒಂದು ಹೋರಿ ನುಗ್ಗಿತು. ಅದರ ಕೊಂಬು ಆಗಲೇ ಉದುರಿತ್ತು. ಬಸುರಿ ಹೆಣ್ಣಿನ ಕೊಂಬು ವಸಂತದವರೆಗೂ ಉಳಿಯುತ್ತದಲ್ಲ. ಕಪ್ಪುಮೂತಿ ಒಂದೇ ತಿವಿತಕ್ಕೆ ಹೋರಿಯನ್ನು ಅಟ್ಟಿ, ತನ್ನ ಕರುವಿಗೆ ಜಾಗ ಮಾಡಿಕೊಟ್ಟಳು. ನಾನು ಹಿಮದಲ್ಲೇ ಕೂತು ಅತ್ತುಬಿಟ್ಟೆ.

ನಿನ್ನೆ ಪಕ್ಕದ ಡೇರೆಯ ವ್ಯೂಲಿ ಊರಿನಿಂದ ಬಂದ. ಕೊಟ್ಟ ಚಹಾದ ಬಟ್ಟಲನ್ನು ಕೆಳಗಿಟ್ಟ. "ಅತ್ತಿಗೆ, ಇಲ್ಕೊ ಅಣ್ಣ ಮಂದೆನೆಲ್ಲಾ ಕಸಾಯಿಖಾನೆಗೆ ಕೊಡ್ತೀನಿ ಅಂತ ಮಾತು ಕೊಟ್ಟವ್ನೆ. ಊರಲ್ಲಿ ಮನೆಗೂ ಹೆಸರು ಬರೆಸವ್ನೆ" ಎಂದ.

ಹಾಗಾದರೆ ಮಂದೆ ಕಸಾಯಿಖಾನೆಗೆ ಹತ್ತಿರವಿರಲಿ ಎಂದು ನಮ್ಮನ್ನು ಆ ಗಡ್ಡೆಯ ಮೇಲೆ ನಿಲ್ಲಿಸಿದೆ! ಇಪ್ಪತ್ತೊಂದು ವರ್ಷ ಒಂದೇ ತೊಗಲಿನಡಿ ಮಲಗಿದವಳಿಗೆ ಒಂದು ಮಾತು ಹೇಳಲು ನಾಲಿಗೆ ಬರಲಿಲ್ಲವೇ? ಹೇಳಿದ್ದರೆ ನಾನು ಬೇಡ ಎನ್ನುತ್ತಿದ್ದೆ, ಜಗಳವಾಡುತ್ತಿದ್ದೆ, ಕೆಟಲ್ ಎಸೆಯುತ್ತಿದ್ದೆ. ಆದರೆ ಅಲ್ಲಿ ಕಾಯುತ್ತಿರಲಿಲ್ಲ, ಸಾರಂಗಗಳು ಸಾಯುತ್ತಿರಲಿಲ್ಲ.

ಮಂದೆ ಮಾರುವುದಿಲ್ಲ. ಉಳಿದವುಗಳಲ್ಲಿ ಹೆಚ್ಚಿನವಕ್ಕೆ ನನ್ನಪ್ಪನ ಕಿವಿಗುರುತಿದೆ, ಅವು ನನ್ನವು. ಅವ್ವ ನನ್ನ ಜೊತೆಗೇ ಇರುತ್ತಾರೆ, ಅವರೇ ಹೇಳಿದ್ದು. ಊರಿನ ಮನೆಯಲ್ಲಿ ನೀನೊಬ್ಬನೇ ಇರಬಹುದು.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಹಾದ್ನೆ

ತಾ.ಕ.: ನಿನ್ನ ಕಣ್ಣು ಮಸುಕಾಗಿದೆಯೆಂದು ಎರಡು ಚಳಿಗಾಲದಿಂದ ನನಗೆ ಗೊತ್ತು. ಸಾರಂಗಕ್ಕೆ ಎಸೆದ ನಿನ್ನ ಕುಣಿಕೆ ಗುರಿ ತಪ್ಪಿದಾಗಲೆಲ್ಲ ಹಿಂದಿನಿಂದ ನಾನೇ ಎಸೆದು ಹಿಡಿದು, ಇಲ್ಕೊ ಹಿಡಿದ ಎಂದು ಎಲ್ಲರೆದುರು ಹೇಳಿದ್ದೇನೆ. ನೀನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಂದೆ ಬೇಡವಾಗಿದ್ದು ಅದಕ್ಕೇ ಇರಬೇಕು. ಈ ಕಾಗದವನ್ನೂ ನಿನ್ನ ತಂಗಿಯೇ ಓದಿ ಹೇಳುತ್ತಿರುತ್ತಾಳೆ, ಕೇಳಲಿ ಅವಳೂ. ಬರುವುದಾದರೆ ಈ ಕಾಗದ ತರುವ ವ್ಯೂಲಿಯ ಹಿಂದೆ ಕೂತು ಬಾ. ನೀನೇ ಬಂಡಿ ಓಡಿಸಬೇಡ.