ಹಲ್ಲುನೋವಿಗೆ ಎರಡು ಮಾತ್ರೆ

ಫೆಬ್ರವರಿ 6, ಬೆಳಿಗ್ಗೆ

ಮತ್ತೆ ಉಪ್ಪುನೀರು ಮುಕ್ಕಳಿಸಿದ್ದಾಯಿತು. ದವಡೆಯ ಊತ ಇಳಿದಿಲ್ಲ. ಯಜಮಾನರು ಲಾಂಡ್ರಿ ಕೆಲಸಕ್ಕೆ ಹೊರಡುವಾಗ ನನ್ನ ಮುಖ ನೋಡಿ, "ಆ ಕಡೆನೂ ಊದಿಸ್ಕೊಂಡ್ರೆ ಸರಿಸಮ ಆಗುತ್ತೆ ನೋಡು" ಅಂದರು. ನಗು ಬಂತು. ನಕ್ಕರೆ ನೋವು.

ನಾಳೆ ಹೊಸ ಡಿಪೋದಲ್ಲಿ ಡ್ರೈವಿಂಗ್ ಟೆಸ್ಟ್. ಹಳೆಯ ಕಂಪನಿ ಬಾಗಿಲು ಹಾಕಿದ ಮೇಲೆ ಸ್ಟೇರಿಂಗ್ ಮುಟ್ಟಿಲ್ಲ. ಬಸ್ಸು ಓಡಿಸುವುದು ಬಿಟ್ಟರೆ ಬೇರೆ ಏನೂ ಬರುವುದಿಲ್ಲ ನನಗೆ, ಬೇಕಾಗಿಯೂ ಇಲ್ಲ. ಈ ಕೆಲಸ ಸಿಗಲೇಬೇಕು.

ಸಂಜೆ

ಅಕ್ಕ ಆಸ್ಪತ್ರೆಯಿಂದ ನೇರ ಬಂದಳು, ನರ್ಸ್ ಯೂನಿಫಾರ್ಮ್ ಸಮೇತ. ಬಾಯಿ ತೆಗೆಸಿ ಟಾರ್ಚ್ ಬಿಟ್ಟು ನೋಡಿದಳು. ಕಾಗದದಲ್ಲಿ ಸುತ್ತಿದ್ದ ಎರಡು ಮಾತ್ರೆ ಕೊಟ್ಟಳು. ಈಗೊಂದು, ನಾಳೆ ಟೆಸ್ಟ್ ಮುಗಿದ ಮೇಲೆ ಒಂದು. ಮೂತ್ರ ಪರೀಕ್ಷೆಯೂ ಇದೆ, ಡ್ರಗ್ಸ್ ನೋಡುತ್ತಾರಂತೆ ಅಂದೆ.

"ಇದು ಮಾಮೂಲಿ ನೋವಿನ ಮಾತ್ರೆ ಕಣೇ. ಔಷಧಿ ಏನಾದ್ರೂ ತಗೊಂಡಿದ್ದೀರಾ ಅಂತ ಕೇಳ್ತಾರೆ. ಇಲ್ಲ ಅನ್ನು. ಹೂಂ ಅಂದ್ರೆ ಸುಮ್ನೆ ನೂರೆಂಟು ಪ್ರಶ್ನೆ."

ಅಮ್ಮ ಹೋದ ಮೇಲೆ ನನಗೆ ತಲೆ ಬಾಚಿ ಸ್ಕೂಲಿಗೆ ಕಳಿಸಿದವಳು. ಅವಳು ಕೊಟ್ಟದ್ದನ್ನು ತಿರುಗಿಸಿ ನೋಡುವ ಅಭ್ಯಾಸವೇ ಇಲ್ಲ. ನುಂಗಿದೆ. ನೋವು ಮಾಯ.

ಫೆಬ್ರವರಿ 7

ಪಾಸು. ಕೋನ್‌ಗಳ ಮಧ್ಯೆ ರಿವರ್ಸ್, ಒಂದಕ್ಕೂ ತಾಗಿಸಲಿಲ್ಲ. ಗಂಟು ಮುಖ ಹಾಕಿಕೊಂಡು ಕೈಕಟ್ಟಿ ನಿಂತಿದ್ದ ಡಿಪೋ ಮ್ಯಾನೇಜರ್, "ಎಲ್ಲಿದ್ರಿ ಮೇಡಂ ಇಷ್ಟು ದಿನ" ಅಂದರು. ಒಳಗೊಳಗೇ ಕುಣಿದೆ.

ಅಲ್ಲಿಂದ ಲ್ಯಾಬ್. ಜೇಬು ಖಾಲಿ ಮಾಡಿಸಿದರು, ಸ್ವೆಟರ್ ಬಿಚ್ಚಿಸಿದರು. ಕಮೋಡಿನಲ್ಲಿ ನೀಲಿ ನೀರು, ನಲ್ಲಿಗೆ ಟೇಪು — ಯಾರೂ ನೀರು ಬೆರೆಸಬಾರದಂತೆ. ಬಾಗಿಲಾಚೆ ಗ್ಲೌಸ್ ಹಾಕಿದ ಹುಡುಗಿ ಕಿವಿಗೊಟ್ಟು ನಿಂತಿದ್ದಾಳೆ. ಡ್ಯೂಟಿಯಲ್ಲಿ ಬೆಳಗಿಂದ ಸಂಜೆವರೆಗೆ ತಡೆದುಕೊಳ್ಳುವುದನ್ನೇ ಕಲಿತವಳು ನಾನು. ಕಪ್ ಕೊಟ್ಟು ಬಾ ಅಂದರೆ ಬರುತ್ತದೆಯೇ? ಲೋಟಗಟ್ಟಲೆ ನೀರು ಕುಡಿಸಿದರು. ಕೊನೆಗೂ ಕೊಟ್ಟಾಗ ಬೆಚ್ಚಗಿದೆಯೇ ಅಂತ ಮುಟ್ಟಿ ನೋಡಿದಳು. ಸರದಿಯಲ್ಲಿದ್ದ ವೆಲ್ಡರ್ ಒಬ್ಬ, "ಕೆಲಸ ಕೊಡೋಕ್ಕಿಂತ ಮುಂಚೇನೇ ಹಿಂಡಿ ನೋಡ್ತಾರೆ ಅಕ್ಕಾ" ಅಂದ. ಇಬ್ಬರೂ ನಕ್ಕೆವು.

ಔಷಧಿ ಏನಾದರೂ? ಇಲ್ಲ ಅಂದೆ.

ಫೆಬ್ರವರಿ 11, ಮಧ್ಯಾಹ್ನ

ಲ್ಯಾಬಿನ ಡಾಕ್ಟರ್ ಫೋನ್. ನನ್ನ ಮೂತ್ರದಲ್ಲಿ ಅಫೀಮಿನ ಜಾತಿಯದ್ದು ಸಿಕ್ಕಿದೆಯಂತೆ. ದೊಡ್ಡ ಆಪರೇಷನ್ ಆದವರಿಗೆ ಕೊಡುವ ಮಾತ್ರೆ. ಹಲ್ಲುನೋವು, ಅಕ್ಕ, ಕಾಗದದ ಪೊಟ್ಟಣ... ಎಲ್ಲ ಒದರಿದೆ.

"ಔಷಧಿ ಇಲ್ಲ ಅಂದಿದ್ರಲ್ಲ?"

ಅಕ್ಕ ಹಾಗೇ ಹೇಳು ಅಂದಿದ್ದಳು ಅಂದೆ.

"ನಿಮ್ಮ ಅಕ್ಕನೇ ನನಗೆ ಹೇಳ್ಲಿ. ನಾಳೆ ತನಕ ರಿಪೋರ್ಟ್ ತಡೀತೀನಿ. ಅವರು ಒಪ್ಕೊಂಡ್ರೆ ಇನ್ನೊಂದು ಸಲ ಟೆಸ್ಟ್ ಮಾಡಿಸಬಹುದು."

ಒಳ್ಳೆಯ ಮನುಷ್ಯ. ಅಕ್ಕನಿಗೆ ಫೋನ್ ಮಾಡಿದೆ. "ನಾನು ನೋಡ್ಕೋತೀನಿ ಬಿಡು" ಅಂದಳು.

ಫೆಬ್ರವರಿ 12

ನೋಡಿಕೊಂಡಳು.

ಡಾಕ್ಟರ್ ನಮ್ಮಿಬ್ಬರನ್ನೂ ಒಂದೇ ಕಾಲ್‌ಗೆ ಹಾಕಿದರು. ಅಕ್ಕನದು ರೋಗಿಗಳ ಕಡೆಯವರನ್ನು ಸಮಾಧಾನ ಮಾಡುವ ದನಿ. "ನಾನ್ಯಾವ ಮಾತ್ರೆನೂ ಕೊಟ್ಟಿಲ್ಲ ಡಾಕ್ಟ್ರೇ. ಕೆಲಸ ಹೋದಾಗಿಂದ ಇವಳಿಗೆ ಸ್ವಲ್ಪ ಅಭ್ಯಾಸ ಆಗಿದೆ. ಮನೇಲಿ ನಮಗೆಲ್ಲ ಅದೇ ಚಿಂತೆ. ನೀವಾದ್ರೂ ಬುದ್ಧಿ ಹೇಳಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರ್ ನಿಟ್ಟುಸಿರು ಬಿಟ್ಟು ಫೋನ್ ಇಟ್ಟರು.

ಸಂಜೆ ಅವಳ ಮನೆಗೆ ಹೋದೆ. ತರಕಾರಿ ಹೆಚ್ಚುತ್ತಿದ್ದಳು. ತಲೆ ಎತ್ತಲಿಲ್ಲ. "ವಾರ್ಡಿನ ಮಾತ್ರೆ ಅದು. ಹೊರಗೆ ಬಂದ್ರೆ ನನ್ನ ಕೆಲಸ ಹೋಗುತ್ತೆ. ನಿಂಗೇನು, ಇನ್ನೊಂದು ಡಿಪೋ ಸಿಗುತ್ತೆ."

ಕೊಟ್ಟಿಲ್ಲ ಅಂದಿದ್ದರೆ ಸಾಕಿತ್ತಲ್ಲ. ಅಭ್ಯಾಸ ಅಂತ ಯಾಕೆ ಸೇರಿಸಿದಳು? ಕೇಳಿದೆ. "ಸುಮ್ನೆ ಇಲ್ಲ ಅಂದ್ರೆ ನಂಬ್ತಿದ್ರಾ?" ಅಂದಳು.

ಮಾರ್ಚ್ 3

ಇನ್ನೊಂದು ಡಿಪೋ ಸಿಗುವುದಿಲ್ಲ. ಮೂತ್ರ ಪರೀಕ್ಷೆಯಲ್ಲಿ ಫೇಲಾದ ಡ್ರೈವರ್‌ಗಳ ಹೆಸರೆಲ್ಲ ಒಂದೇ ಕಂಪ್ಯೂಟರ್‌ನಲ್ಲಿ ಇರುತ್ತದಂತೆ. ಹೋದ ಕಡೆಯೆಲ್ಲ ಮೊದಲು ನಗುತ್ತಾರೆ, ಲೈಸೆನ್ಸ್ ನೋಡುತ್ತಾರೆ, ಕೀಬೋರ್ಡ್ ಕುಟ್ಟುತ್ತಾರೆ — ಆಮೇಲೆ ಕುರ್ಚಿ ಹಿಂದಕ್ಕೆ ಸರಿಯುತ್ತದೆ. ಸ್ಕೂಲ್ ವ್ಯಾನಿನವನು ನೇರವಾಗಿ ಹೇಳಿದ: "ಮಕ್ಕಳ ವಿಷ್ಯ ಮೇಡಂ. ತಪ್ಪು ತಿಳ್ಕೋಬೇಡಿ." ತಪ್ಪು ತಿಳಿದುಕೊಂಡಿರುವವನು ಅವನು.

ಮನೆಗೆ ಬಂದು ಸ್ನಾನ ಮಾಡಿ ಹೊರಬಂದರೆ ನನ್ನ ಬ್ಯಾಗಿನ ಜಿಪ್ ತೆರೆದಿತ್ತು. ಇವರು ಕಿಟಕಿ ಕಡೆ ತಿರುಗಿ ನಿಂತಿದ್ದರು. "ಏನ್ ಹುಡುಕ್ತಿದ್ರಿ?"

"ಬಾಚಣಿಗೆ."

ಇವರ ತಲೆಯಲ್ಲಿ ಕೂದಲಿದ್ದ ಕಾಲ ನನಗೆ ನೆನಪಿಲ್ಲ. ಬೇರೆ ದಿನವಾಗಿದ್ದರೆ ಅದನ್ನೇ ಹಿಡಿದುಕೊಂಡು ಕಾಡುತ್ತಿದ್ದೆ.

ಮಾರ್ಚ್ 19

ಡಿಪೋ ಮ್ಯಾನೇಜರ್ ಅವರಾಗಿಯೇ ಕರೆಸಿದರು. ನನ್ನ ರಿವರ್ಸ್ ಇನ್ನೂ ಅವರ ಕಣ್ಣಲ್ಲಿದೆಯಂತೆ. ಚಟ ಬಿಡಿಸುವ ಕ್ಲಾಸಿಗೆ ಸೇರಬೇಕು, ಅಲ್ಲಿನ ಮೇಷ್ಟ್ರು ಗುಣವಾಗಿದೆ ಅನ್ನಬೇಕು, ಆಮೇಲೆ ಮತ್ತೆ ಮೂತ್ರ ಪರೀಕ್ಷೆ. ಆಗ ತೆಗೆದುಕೊಳ್ಳಬಹುದು.

"ನನಗೆ ಚಟನೇ ಇಲ್ಲ ಸಾರ್."

"ಇದ್ರೆ ದಾರಿ ಇದೆ ಮೇಡಂ. ಇಲ್ದೇ ಇದ್ರೆ ಏನೂ ಮಾಡಕ್ಕಾಗಲ್ಲ."

ಏಪ್ರಿಲ್ 9

ಕ್ಲಾಸು. ಕುರ್ಚಿಗಳು ದುಂಡಗೆ. ಒಬ್ಬೊಬ್ಬರೇ ಎದ್ದು, ನಾನು ವ್ಯಸನಿ ಅನ್ನಬೇಕು. ನನ್ನ ಸರದಿ ಬಂದಾಗ ಅಲ್ಲ ಅಂದೆ. ಮೇಷ್ಟ್ರು ಕರುಣೆಯಿಂದ ನಕ್ಕರು. "ಒಪ್ಪಿಕೊಳ್ಳದೇ ಇರೋದೇ ಮೊದಲನೇ ಲಕ್ಷಣ." ಎಲ್ಲರೂ ತಲೆ ಆಡಿಸಿದರು. ನಿಜವಾಗಿ ಕಷ್ಟಪಡುತ್ತಿರುವ ಜನ ಅವರು. ಅವರ ಮೇಲೆ ಸಿಟ್ಟಿಲ್ಲ.

ಹೀಗೇ ಅಲ್ಲ ಅಲ್ಲ ಅನ್ನುತ್ತಿದ್ದರೆ ಮುದುಕಿಯಾಗುವ ತನಕ ಇಲ್ಲೇ.

ಮೇ 2

ಮನೆಯವರನ್ನು ಕರೆಸುವ ದಿನ. ಅವರೆದುರು ಎಲ್ಲ ಒಪ್ಪಿಕೊಂಡವರಿಗೆ ಮಾತ್ರ ಮೇಷ್ಟ್ರ ಒಳ್ಳೆಯ ಮಾತು.

ಒಪ್ಪಿಕೊಂಡೆ. ಅಳು ಎಲ್ಲಿಂದ ಬಂತೋ. ದಿನಾ ನುಂಗುತ್ತಿದ್ದೆ, ಮನೆಯವರ ಹತ್ತಿರ ಸುಳ್ಳು ಹೇಳುತ್ತಿದ್ದೆ — ಬೇರೆಯವರ ಬಾಯಲ್ಲಿ ಕೇಳಿದ್ದನ್ನೆಲ್ಲ ಸೇರಿಸಿ ಹೇಳಿದೆ. ಚಪ್ಪಾಳೆ ಬಿತ್ತು. ಅಕ್ಕ ಮುಂದಿನ ಸಾಲಲ್ಲೇ ಕೂತಿದ್ದಳು. ಬಿಕ್ಕಿ ಬಿಕ್ಕಿ ಅತ್ತಳು. ಎದ್ದು ಬಂದು ತಬ್ಬಿಕೊಂಡಳು. ಅವಳ ಮೈಯ ಡೆಟಾಲ್ ವಾಸನೆಗೆ ನನ್ನ ಸಿಟ್ಟೆಲ್ಲ ಕರಗಿಹೋಯಿತು. ಮಾಡಿದ್ದು ಅವಳಿಗೆ ಚುಚ್ಚುತ್ತಿದೆ ಪಾಪ ಅಂದುಕೊಂಡೆ.

ಮೇ 20

ಮೂತ್ರ ಪರೀಕ್ಷೆ ಕ್ಲೀನ್. ಸೋಮವಾರದಿಂದ ಡ್ಯೂಟಿ. ಇವರು ನನ್ನ ಯೂನಿಫಾರ್ಮನ್ನು ಲಾಂಡ್ರಿಯಲ್ಲಿ ತಾವೇ ಇಸ್ತ್ರಿ ಹಾಕಿ ತಂದರು. ಮಡಿಕೆ ಮುಟ್ಟಿದರೆ ಕೈ ಕುಯ್ಯಬೇಕು, ಹಾಗಿದೆ. ಹ್ಯಾಂಗರ್‌ಗೆ ಹಾಕಿ ನನ್ನ ಕಡೆ ನೋಡಿದರು. ಸಾಕು.

ಮೇ 22, ಸಂಜೆ

ಅಕ್ಕ ಬಂದಿದ್ದಳು. ಚಪ್ಪಲಿ ಸಹ ಬಿಡದೆ ಮಾತು ಶುರು. ವಾರ್ಡಿನ ಬೀರುವಿನಲ್ಲಿ ಮಾತ್ರೆ ಕಡಿಮೆ ಬಂದಿದೆ. ಎರಡಲ್ಲ, ನಾಲ್ಕಲ್ಲ — ಡಬ್ಬಿಗಟ್ಟಲೆ. ನಾಳೆ ನರ್ಸ್‌ಗಳ ಮುಖ್ಯಸ್ಥೆ ಮೇಟ್ರನ್ ವಿಚಾರಣೆ ಮಾಡುತ್ತಾರಂತೆ.

"ನೀನೇ ನುಂಗ್ತಿದ್ದೆಯಾ ಅಕ್ಕಾ?"

ಗೋಡೆ ಹಿಡಿದು ನಿಧಾನಕ್ಕೆ ಕೂತಳು. "ಸೊಂಟ ಹಿಡ್ಕೊಂಡುಬಿಡುತ್ತೆ ಕಣೇ. ರೋಗಿಗಳನ್ನ ಎತ್ತಿ ಎತ್ತಿ. ಅದಿಲ್ದೆ ಎದ್ದು ನಿಲ್ಲೋಕಾಗಲ್ಲ."

ಕೈ ಹಿಡಿದುಕೊಂಡೆ. ಆಗ ಹೇಳಿದಳು, ಮೇಟ್ರನ್‌ಗೆ ಆಗಲೇ ಹೇಳಿಬಿಟ್ಟಿದ್ದಾಳಂತೆ: ತಂಗಿ ಊಟದ ಡಬ್ಬಿ ಕೊಡೋಕೆ ಬರುತ್ತಿದ್ದಳು, ನನ್ನ ಜೇಬಿಂದ ಬೀರುವಿನ ಕೀ ತೆಗೆದುಕೊಂಡು ಅವಳೇ ಕದ್ದಿರಬೇಕು. ಅವಳಿಗೆ ಚಟ ಇತ್ತು, ಎಲ್ಲರೆದುರು ಒಪ್ಪಿಕೊಂಡಿದ್ದಾಳೆ, ನಾನೇ ಕಿವಿಯಾರೆ ಕೇಳಿದ್ದೇನೆ ಅಂತ.

"ನೀನು ಬಂದು ಹೌದು ಅಂದ್ಬಿಡು. ಪೊಲೀಸ್‌ಗೆ ಹೋಗಲ್ಲ, ಮಾತಾಡಿದೀನಿ. ನಿನ್ನ ಹೆಸರು ಹೇಗೂ ಕೆಟ್ಟಿದೆ. ನಂದಾದ್ರೂ ಉಳೀಲಿ."

ಅತ್ತಿದ್ದಳಲ್ಲ ಅವತ್ತು, ಮುಂದಿನ ಸಾಲಲ್ಲಿ ಕೂತು. ಅಳುತ್ತಲೇ ಕೇಳಿಸಿಕೊಂಡು ಇಟ್ಟುಕೊಂಡಳಾ?

ಕೈ ಬಿಟ್ಟೆ. ಕಳ್ಳಿ ಕೈಗೆ ಯಾವ ಡಿಪೋ ಬಸ್ಸು ಕೊಡುತ್ತದೆ. ಬರುತ್ತೇನೆ, ಆದರೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ ಅಂದೆ. ಹೊರಟಳು. ಬಾಗಿಲಲ್ಲಿ ನಿಂತು, "ಊಟ ಮಾಡಿ ಮಲಗು" ಅಂದಳು. ಅಭ್ಯಾಸ.

ಮೇ 23, ಮಧ್ಯಾಹ್ನ

ಹೇಳಿದೆ. ಹಲ್ಲುನೋವಿನಿಂದ ಹಿಡಿದು ನಿನ್ನೆ ಸಂಜೆವರೆಗೆ, ಒಂದೂ ಬಿಡದೆ. ಮೇಟ್ರನ್ ಅಡ್ಡ ಬಾಯಿ ಹಾಕದೆ ಕೇಳಿದರು. ಕನ್ನಡಕ ತೆಗೆದು ಒರೆಸಿಕೊಂಡರು.

"ಹಾಗಾದ್ರೆ ಅವತ್ತು ಅಷ್ಟು ಜನದ ಮುಂದೆ ಅತ್ತು ಹೇಳಿದ್ದು?"

"ಸುಳ್ಳು ಮೇಡಂ. ಕೆಲಸ ಬೇಕಿತ್ತು."

"ಕೆಲಸಕ್ಕೋಸ್ಕರ ಸುಳ್ಳು ಹೇಳಿದ್ರಿ."

"ಹೌದು."

"ಈಗ್ಲೂ ಕೆಲಸ ಬೇಕಲ್ವಾ ನಿಮಗೆ?"

ಅಕ್ಕನ ಕಡೆ ನೋಡಿದೆ. ಒಂದು ಮಾತು ಆಡಲಿ ಅಂತ ಕಾದೆ, ನಾಚಿಕೆ ಬಿಟ್ಟು ಕಾದೆ. ಅವಳು ಕರ್ಚೀಫಿನಿಂದ ಕಣ್ಣು ಒತ್ತಿಕೊಂಡು ಮೆತ್ತಗೆ ಹೇಳಿದಳು: "ನಾನು ಹೇಳಿರ್ಲಿಲ್ವಾ ಮೇಡಂ. ಹೀಗೇ ಮಾಡ್ತಾಳೆ ಅಂತ."

ಮೇಟ್ರನ್ ಅವಳ ಭುಜದ ಮೇಲೆ ಕೈ ಇಟ್ಟರು. ನನ್ನ ಕಡೆ ತಿರುಗಿ, ನೀವಿನ್ನು ಹೋಗಬಹುದು, ಡಿಪೋದವರಿಗೆ ನಾವೇ ತಿಳಿಸುತ್ತೇವೆ ಅಂದರು.

ಬಂದು ಕೂತಿದ್ದೇನೆ. ಇವರು ಇನ್ನೂ ಬಂದಿಲ್ಲ. ಬಂದರೆ ಎಲ್ಲಿಂದ ಶುರು ಮಾಡಲಿ. ಇವರಾದರೂ...

ಫೋನ್. ಡಿಪೋ ನಂಬರ್. ಸೋಮವಾರ ಯಾವ ರೂಟ್ ಅಂತ ಹೇಳಲಿಕ್ಕೆ ಇರಬಹುದು, ಮೇಟ್ರನ್ ಇನ್ನೂ ತಿಳಿಸಿರಲಿಕ್ಕಿಲ್ಲ, ಇಷ್ಟು ಬೇಗ —