ಇಪ್ಪತ್ತಾರು ವರ್ಷ ಏನೂ ಮಾಡಿಲ್ಲವೆಂದು ಸಹಿ ಹಾಕಬೇಕೇ?

ಮಾನ್ಯ ಪ್ರವೇಶಾಧಿಕಾರಿಗಳೇ,

ನಿಮ್ಮ ಕಾಲೇಜಿನಲ್ಲಿ ಬಿ.ಎ. ಸೀಟು ಬೇಕೆಂದರೆ ನಾನೊಂದು ಸುಳ್ಳಿಗೆ ಸಹಿ ಮಾಡಬೇಕಂತೆ. ಮಾಡುವುದಿಲ್ಲ. ಹನ್ನೊಂದು ದಿನದಿಂದ ನನ್ನ ಅರ್ಜಿ ನಿಮ್ಮ ಕಚೇರಿಯಲ್ಲಿ ಕೊಳೆಯುತ್ತಿದೆ, ಶುಕ್ರವಾರ ಪ್ರವೇಶಕ್ಕೆ ಕೊನೆಯ ದಿನ. ಅದಕ್ಕೇ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ನಾನು ಕಮಲಾಪುರದ ಟೇಲರ್, ವಯಸ್ಸು ನಲವತ್ತೆರಡು. ಎಸ್ಸೆಸ್ಸೆಲ್ಸಿ ಆಗಿ ಇಪ್ಪತ್ತಾರು ವರ್ಷದ ಮೇಲೆ, ಈ ಸಲ ಖಾಸಗಿಯಾಗಿ ಪಿಯುಸಿ ಕಟ್ಟಿ ಪಾಸಾದೆ. ಮಗಳು ಅಂಜನಾ ಕೂಡ ಈ ಸಲವೇ ಪಾಸು. ಇಬ್ಬರೂ ಒಂದೇ ಬಸ್ಸಿಗೆ ಕಲಬುರಗಿಗೆ ಬಂದು ಒಂದೇ ಕಿಟಕಿಯಲ್ಲಿ ಅರ್ಜಿ ಕೊಟ್ಟೆವು. ಅವಳ ಅರ್ಜಿಗೆ ಪಾಲಕಿಯೆಂದು ನಾನು ಸಹಿ ಹಾಕಿದೆ, ಐದು ನಿಮಿಷದಲ್ಲಿ ಕೆಲಸ ಮುಗಿಯಿತು. ನನ್ನದನ್ನು ಕೈಗೆತ್ತಿಕೊಂಡ ಗುಮಾಸ್ತರು ಕೇಳಿದರು, "ಅಕ್ಕೋರೆ, ನಿಮ್ಮ ಪಾಲಕರ ಸಹಿ ಎಲ್ಲದರಿ?"

"ಅಪ್ಪನೂ ಇಲ್ರಿ, ಗಂಡನೂ ಇಲ್ರಿ. ಎಲ್ಲಿಂದ ತರ್ಲಿ?"

"ಸಹಿ ಇಲ್ದ ಮುಂದ ಹೋಗಂಗಿಲ್ರಿ."

ಅಂಜನಾ ಪೆನ್ನು ಕಸಿದುಕೊಂಡಳು. "ಕೊಡ್ರಿ ಇಲ್ಲಿ, ನಾ ಮಾಡ್ತೀನಿ. ನಂಗ ಹದಿನೆಂಟು ತುಂಬ್ಯಾವ." ಗುಮಾಸ್ತರು ನಿಯಮದ ಹಾಳೆ ತಿರುವಿ ನೋಡಿ ಒಪ್ಪಿದರು. ಹೀಗೆ ನಿಮ್ಮ ದಾಖಲೆಯಲ್ಲಿ ಮಗಳಿಗೆ ನಾನು ಪಾಲಕಿ, ನನಗೆ ಮಗಳು ಪಾಲಕಿ. ನಗಬಹುದು, ನಾವೂ ನಕ್ಕೆವು.

ನಗು ನಿಂತದ್ದು ಗ್ಯಾಪ್ ಸರ್ಟಿಫಿಕೇಟಿನ ಹತ್ತಿರ. ಓದು ಬಿಟ್ಟ ವರ್ಷಗಳಲ್ಲಿ ಏನು ಮಾಡುತ್ತಿದ್ದೆನೆಂದು ಬಾಂಡ್ ಪೇಪರಿನಲ್ಲಿ ಬರೆದುಕೊಡಬೇಕು. ಸರಿಯೇ. ಆದರೆ ಉತ್ತರವನ್ನೂ ನೀವೇ ಅಚ್ಚು ಹಾಕಿಸಿದ್ದೀರಿ: "ಸದರಿ ಅವಧಿಯಲ್ಲಿ ನಾನು ಮನೆಯಲ್ಲಿಯೇ ಇದ್ದು, ಯಾವುದೇ ಕೆಲಸ ಮಾಡಿರುವುದಿಲ್ಲ." ಸೇಡಂ ರಸ್ತೆಯ ಟೈಪಿಂಗ್ ಅಂಗಡಿಯ ಸಮೀವುಲ್ಲಾ ಅದನ್ನು ಹೊಡೆದುಕೊಟ್ಟು, "ಎಲ್ಲಾರೂ ಇದೇ ಕೊಡ್ತಾರ್ರಿ ಅಕ್ಕಾ, ಸುಮ್ನ ಸಹಿ ಮಾಡ್ರಿ" ಎಂದ.

ಸುಮ್ಮನೆ ಹೇಗೆ ಮಾಡಲಿ ಸ್ವಾಮಿ? ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷ ನೋಡಿಕೊಂಡದ್ದು ಯಾರು? ನಾಲ್ಕು ಹುಡುಗಿಯರಿಗೆ ಹೊಲಿಗೆ ಕಲಿಸಿ, ಇಬ್ಬರಿಗೆ ಅಂಗಡಿ ಹಾಕಿಸಿದ್ದು ಯಾರು? ಹೋದ ವರ್ಷ ನಿಮ್ಮ ಕಾಲೇಜಿನ ವಾರ್ಷಿಕ ಗ್ಯಾದರಿಂಗ್‌ನಲ್ಲಿ ಕುಣಿದ ಹುಡುಗಿಯರ ಇಪ್ಪತ್ತೆರಡು ರವಿಕೆಗಳು ಆಕಾಶದಿಂದ ಉದುರಿದವೇ? ಆ ಸಾಲಿಗೆ ಗೆರೆ ಎಳೆದು, ಕೆಳಗೆ ನಿಜ ಬರೆದು ಕೊಟ್ಟೆ. ಗುಮಾಸ್ತರು ಒಂದೇ ಬೆರಳಿನಿಂದ ಹಿಂದಕ್ಕೆ ತಳ್ಳಿದರು. "ನಮೂನಾದಾಗ ಇದ್ದಂಗ ಇರಬೇಕ್ರಿ. ಕೆಲಸ ಮಾಡೀನಿ ಅಂದ್ರ ಕಂಪನಿ ಲೆಟರ್ ತರಬೇಕಾಗ್ತದ. ಯಾಕ ಬೇಕ್ರಿ ಇದೆಲ್ಲ? ಮನ್ಯಾಗ ಕುಂತು ಓದ್ರಿ."

ಮನೆಯಲ್ಲಿ ಕೂತು ಓದಿಯೇ ಪಿಯುಸಿ ಮುಗಿಸಿದ್ದೇನೆ, ಸಾಕಾಗಿದೆ. ನನಗೆ ತರಗತಿ ಬೇಕು. ನಮ್ಮ ಕಲಬುರಗಿ ಕೋಟೆಯೊಳಗಿನ ಮಸೀದಿಯ ಅಷ್ಟಗಲದ ಕಮಾನುಗಳನ್ನು ಯಾವ ಅಳತೆ ಹಿಡಿದು ಎಬ್ಬಿಸಿದರೆಂದು ಇತಿಹಾಸದ ಸರ್ ಅವರನ್ನು ಕೈಯೆತ್ತಿ ಕೇಳಬೇಕು. ಹದಿನಾರಕ್ಕೆ ಓದು ಬಿಡಿಸಿದ ದಿನ ಅತ್ತಿದ್ದೆ. ನಿಮ್ಮ ಕಿಟಕಿಯಿಂದ ಹಿಂತಿರುಗುವಾಗ ಬಸ್ಸಿನಲ್ಲಿ ಮತ್ತೆ ಅತ್ತೆ.

ಶುಕ್ರವಾರ ಹತ್ತು ಗಂಟೆಗೆ ಬರುತ್ತೇನೆ. ಗೆರೆ ಎಳೆದ ಕಾಗದವನ್ನೇ ಇಟ್ಟುಕೊಂಡು ಸೀಟು ಕೊಡಿ. ಆಗದಿದ್ದರೆ, "ತಾನು ಏನೂ ಮಾಡಿಲ್ಲವೆಂದು ಅರ್ಜಿದಾರಳು ಒಪ್ಪಲಿಲ್ಲ, ಆದ್ದರಿಂದ ಪ್ರವೇಶವಿಲ್ಲ" ಎಂದು ಬರೆದು, ನಿಮ್ಮ ಸಹಿ ಮತ್ತು ಮೊಹರು ಹಾಕಿಕೊಡಿ. ಅದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕುತ್ತೇನೆ, ಅಂಜನಾಳನ್ನು ಒಬ್ಬಳನ್ನೇ ಕಾಲೇಜಿಗೆ ಕಳಿಸುತ್ತೇನೆ. ಅವಳನ್ನು ಹೆತ್ತು ಬೆಳೆಸಿದ ವರ್ಷಗಳಲ್ಲಿ ಏನೂ ಮಾಡಿಲ್ಲವೆಂದು ಬರೆದುಕೊಟ್ಟು, ಅವಳ ಪಕ್ಕದ ಬೆಂಚಿನಲ್ಲಿ ಕೂರಲಾರೆ.

ಇಂತಿ,
ನಿಮ್ಮ ನಮೂನೆಯ ಪ್ರಕಾರ ಖಾಲಿ ಕೂತವಳು,
ಸೂಗಮ್ಮ
ಲೇಡೀಸ್ ಟೇಲರ್, ಕಮಲಾಪುರ